ಚಿಂಗಿಯ ಸುದ್ದಿ

ಫೋನಿನಲ್ಲಿ ಯಾರು ಏನು ಹೇಳಿದರೂ ಅದನ್ನು ತಿರುಗಿ ಅವರಿಗೇ ಒಪ್ಪಿಸುವ ಚಟ ನನಗಿದೆ. ಗ್ಯಾಸ್ ಸಿಲಿಂಡರಿನವನು ನಾಳೆ ಬರುತ್ತೇನೆ ಎಂದರೆ ‘ನಾಳೆ ಬರ್ತೀರಿ’ ಎನ್ನುತ್ತೇನೆ. ಷಡ್ಡಕರು ಮನೆಗೆ ಬನ್ನಿ ಎಂದರೆ ‘ಮನೆಗೆ ಬರೋದು’ ಎನ್ನುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ಕೇಳಿ ಕೇಳಿ ರೋಸಿಹೋಗಿ, “ನಿಮಗ ಯಾರರ ಬೈದ್ರ ಅದನ್ನೂ ತಿರುಗಿ ಓದಿ ಹೇಳ್ತೀರೇನ್ರಿ?” ಎಂದು ಒಮ್ಮೆ ಕೇಳಿದ್ದಳು. ಹೇಳಿದ್ದೇನೆ. ತಮ್ಮ ಬೈಗುಳವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಬೈದವರು ಸ್ವಲ್ಪ ಮೆತ್ತಗಾದದ್ದೂ ಉಂಟು.

ಇದು ಹುಬ್ಬಳ್ಳಿಯಲ್ಲಿ ಅಂಟಿದ ಚಟ. ಸರ್ಕಾರಿ ನೌಕರಿಗೆ ಸೇರುವ ಮುಂಚೆ ನಾನು ಅಲ್ಲಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಸಂಜೆಯಾಯಿತೆಂದರೆ ತಾಲೂಕುಗಳ ಬಾತ್ಮೀದಾರರು ಫೋನಿನಲ್ಲಿ ಸುದ್ದಿ ಹೇಳುತ್ತಿದ್ದರು, ನಾವು ಕಿವಿಗೂ ಭುಜಕ್ಕೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಬರೆದುಕೊಳ್ಳುತ್ತಿದ್ದೆವು. ಗೊರಗೊರ ಎನ್ನುವ ಲೈನು. ಒಂದು ಸಂಜೆ ನರಗುಂದದ ಕಡೆಯ ಬಾತ್ಮೀದಾರ, ಆಸ್ಪತ್ರೆಯಲ್ಲಿದ್ದ ಊರಿನ ಹಿರಿಯ ದೇಸಾಯರ ವಿಷಯ ಹೇಳಿದ. ನಾನು ಬರೆದುಕೊಂಡು ತಿರುಗಿ ಓದಿದೆ: “ದೇಸಾಯರು ನಿಧನರಾಗಿದ್ದಾರೆ.” ಆ ಕಡೆಯಿಂದ ಅವನು ಕಿರುಚಿದ. “ಅಯ್ಯಯ್ಯ, ಏನಂತೀರಿ ಸರ್! ನಿಧಾನ, ನಿಧಾನ ಸುಧಾರಿಸಾಕತ್ತಾರ ಅಂದೆ. ಈಗಷ್ಟ ಉಪ್ಪಿಟ್ಟು ತಿಂದ್ರು!” ಅಂದಿನಿಂದ ನನಗೆ ತಿರುಗಿ ಓದುವುದೆಂದರೆ ದೇವರ ಮೇಲಿನ ನಂಬಿಕೆಗಿಂತ ಒಂದು ಕೈ ಹೆಚ್ಚಿನ ನಂಬಿಕೆ.

ಆ ನಂಬಿಕೆ ಒಂದೇ ಒಂದು ದಿನ ಕೈಕೊಟ್ಟಿತು. ಅದನ್ನು ಹೇಳಬೇಕೆಂದರೆ ನಿಮಗೆ ನನ್ನ ಮಗಳ ಭಾಷೆಯನ್ನೂ ನಮ್ಮ ನಾಯಿಯನ್ನೂ ಪರಿಚಯಿಸಬೇಕು.

ಪತ್ರಿಕೆ ಬಿಟ್ಟು ನಾನು ಕೇಂದ್ರ ಸರ್ಕಾರದ ಪ್ರಚಾರ ಕಚೇರಿಯೊಂದಕ್ಕೆ ಸೇರಿದೆ. ನಾಸಿಕ್, ಪುಣೆ, ಮತ್ತೆ ನಾಸಿಕ್ ಎಂದು ವರ್ಗವಾಗುತ್ತ ಹೋಗಿ ಮಗಳು ಶಾಲ್ಮಲಾ ಅಕ್ಷರ ಕಲಿತದ್ದೆಲ್ಲ ಮಹಾರಾಷ್ಟ್ರದಲ್ಲೇ ಆಯಿತು. ನಮ್ಮ ಮಾತು ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ಆಡುವಾಗ ಮಾತ್ರ ಮರಾಠಿ ಪದಕ್ಕೆ ಕನ್ನಡದ ಬಾಲ ಕಟ್ಟಿ ಬಿಡುತ್ತಿದ್ದಳು. “ಅಪ್ಪಾ, ನಂಗ ಕಂಟಾಳಾ ಬಂದದ” ಎಂದರೆ ಬೇಸರ ಬಂದಿದೆ ಎಂದು. ಒಮ್ಮೆ ಧಾರವಾಡದಿಂದ ಬಂದಿದ್ದ ನನ್ನ ಅವ್ವನಿಗೆ “ಅಜ್ಜಿ, ದಾರ ಹಾಕು, ಸೊಳ್ಳಿ ಬರ್ತಾವ” ಎಂದಳು. ಮರಾಠಿಯಲ್ಲಿ ದಾರ ಎಂದರೆ ಬಾಗಿಲು. ಅವ್ವ ಬಾಗಿಲು ತೆರೆದಿಟ್ಟೇ ಸೂಜಿ ಹುಡುಕಲು ಎದ್ದಳು. ಅವ್ವನದೂ ಅದೇ ಕಥೆ. ಪಕ್ಕದ ಮನೆಯ ಕಾಕೂ ಪ್ರತಿ ಮಾತಿಗೂ “ಮಗ?” ಎನ್ನುತ್ತಿದ್ದರು. ‘ಆಮೇಲೆ?’ ಎಂದು ಅದರ ಅರ್ಥ. ಅವ್ವ ಪ್ರತಿ ಸಲವೂ ನಿಟ್ಟುಸಿರು ಬಿಟ್ಟು, “ಇಲ್ರಿ, ಮೊಮ್ಮಗ ಇಲ್ಲ, ಒಬ್ಬಾಕೀನ ಮೊಮ್ಮಗಳು” ಎಂದು ಉತ್ತರಿಸುತ್ತಿದ್ದಳು. ಹೀಗೆ ಮಾತು ತಪ್ಪುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ತಮಾಷೆಯಾಗಿತ್ತು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಚಿಂಗಿ ಬಂದದ್ದು ತ್ರ್ಯಂಬಕೇಶ್ವರದಿಂದ. ಯಾವುದೋ ಪೂಜೆ ಮುಗಿಸಿ ಶೇರ್ ಜೀಪಿನಲ್ಲಿ ಹಿಂಡಿಕೊಂಡು ಕೂತು ಬರುತ್ತಿದ್ದೆವು. ಸಾತಪುರ ದಾಟುವಾಗ ಶಾಲ್ಮಲಾಳ ಸ್ವೆಟರಿನ ಒಳಗಿನಿಂದ ಕುಂಯ್ ಎಂದು ಸದ್ದು ಬಂತು. ಜೀಪಿನಲ್ಲಿದ್ದ ಅಷ್ಟೂ ಜನ ನಕ್ಕರು, ನಾನೊಬ್ಬ ನಗಲಿಲ್ಲ. ಬಾಡಿಗೆ ಮನೆಯಲ್ಲಿ ನಾಯಿ ಏಕೆ ಕೂಡದು ಎಂಬುದಕ್ಕೆ ದಾರಿಯುದ್ದಕ್ಕೂ ಸಂಪಾದಕೀಯದ ಧಾಟಿಯಲ್ಲಿ ಕಾರಣ ಕೊಟ್ಟೆ. ಮನೆ ಮುಟ್ಟುವ ಹೊತ್ತಿಗೆ ಅದಕ್ಕೆ ಹೆಸರಿಡಲಾಗಿತ್ತು. ಮಣ್ಣಿನ ಬಣ್ಣದ, ಒಂದು ಕಿವಿ ಮಡಚಿದ ಬೀದಿಯ ಹೆಣ್ಣುನಾಯಿ. ನಾನು ಎಂದೂ ಮುದ್ದು ಮಾಡಿದವನಲ್ಲ. ಆದರೆ ಬೆಳಿಗ್ಗೆ ನಾನು ಪೇಪರ್ ಹರಡಿಕೊಂಡರೆ ಅದು ಬಂದು ಸರಿಯಾಗಿ ಮುಖಪುಟದ ಮೇಲೆಯೇ ಮಲಗುತ್ತಿತ್ತು. ನಾನು ಒಳಪುಟಗಳಿಂದ ಓದಲು ರೂಢಿ ಮಾಡಿಕೊಂಡೆ.

ಶಾಲ್ಮಲಾ ಜೂನಿಯರ್ ಕಾಲೇಜಿಗೆ ಬಂದ ವರ್ಷ ಚಿಂಗಿ ಊಟ ಬಿಟ್ಟಳು. ನೀರು ಮಾತ್ರ ಬೋಗುಣಿಗಟ್ಟಲೆ ಕುಡಿಯುತ್ತಿದ್ದಳು. ಹೊಟ್ಟೆ ಉಬ್ಬಿತ್ತು. ನಮ್ಮ ಬಡಾವಣೆಯ ಪಶುವೈದ್ಯೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿ, ಗರ್ಭಕೋಶದ ತುಂಬ ಕೀವು ಎಂದರು. ತೆಗೆಯದಿದ್ದರೆ ಒಡೆದು ಮೈಯೆಲ್ಲ ನಂಜಾಗುತ್ತದೆ. ತೆಗೆದರೂ ಈ ವಯಸ್ಸಿಗೆ, ಈ ಸ್ಥಿತಿಯಲ್ಲಿ ಅರಿವಳಿಕೆ ತಡೆದೀತೆಂದು ಹೇಳಲಾರೆ ಎಂದರು. “ಉದ್ಯಾಚ್ ಕರೂ” ಎಂದರು. ನಾಳೆಯೇ ಮಾಡೋಣ.

ನಾಳೆ ಎಂದರೆ ನಾನು ಔರಂಗಾಬಾದಿನಲ್ಲಿ ಇರಬೇಕಾದ ದಿನ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ದಿಲ್ಲಿಯಿಂದ ಮಂತ್ರಿಗಳು ಬಂದು ಅಡಿಗಲ್ಲು ಇಡುವವರಿದ್ದರು. ಪತ್ರಿಕಾ ಪ್ರಕಟಣೆಯ ಕೆಲಸ ನನ್ನದು. ಸುಮಿತ್ರಾ ತಮ್ಮನ ಮದುವೆಯ ಓಡಾಟಕ್ಕೆ ಬಾದಾಮಿಗೆ ಹೋಗಿದ್ದಳು. ಕ್ಲಿನಿಕ್ಕಿನಲ್ಲಿ ಕೂರುವುದಕ್ಕೆ ಉಳಿದವಳು ಶಾಲ್ಮಲಾ ಒಬ್ಬಳೇ.

“ನೀವು ಹೋಗ್ರಿ ಅಪ್ಪಾ, ನಾ ಸಾಂಭಾಳ್ ಮಾಡ್ತೀನಿ” ಎಂದಳು.

ಬೆಳಕು ಹರಿಯುವ ಮುನ್ನ ಆಫೀಸಿನ ಜೀಪು ಬಂತು. ಹೊರಡುವಾಗ ಚಿಂಗಿ ಎದ್ದು ಬರಲಿಲ್ಲ. ಮಲಗಿದಲ್ಲಿಂದಲೇ ಬಾಲವನ್ನು ಒಮ್ಮೆ ಫರಶಿಗೆ ಬಡಿದಳು. ನಾನು ‘ಬರ್ತೀನಿ’ ಎಂದೆ. ನಾಯಿಗೆ ಹೇಳಿದೆನೋ ಮಗಳಿಗೆ ಹೇಳಿದೆನೋ, ಅವಳಿಗೂ ತಿಳಿಯಲಿಲ್ಲ. “ಹೂಂ” ಎಂದವಳು ಶಾಲ್ಮಲಾಳೇ.

ಜೀಪು ನಡೆಸುತ್ತಿದ್ದವರು ಮುನೀರ್‌ಭಾಯಿ. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಶಾಲ್ಮಲಾಳ ಮೊದಲ ಫೋನ್ ಬಂತು. ಚಿಂಗಿಯನ್ನು ಒಳಗೆ ಕರೆದುಕೊಂಡರು, ಬಾಗಿಲ ತನಕ ತಿರುತಿರುಗಿ ನೋಡುತ್ತಿದ್ದಳು ಎಂದಳು. “ಒಳಗ ಕರಕೊಂಡ್ರು” ಎಂದು ನಾನು ತಿರುಗಿ ಹೇಳಿದೆ. “ಸುದ್ದಿ ಬಂದ ಕೂಡ್ಲೆ ಹೇಳು” ಎಂದೆ.

ಔರಂಗಾಬಾದಿನ ಆ ಹಗಲನ್ನು ಹೇಗೆ ವರ್ಣಿಸಲಿ? ಮಂತ್ರಿಗಳ ವಿಮಾನ ತಡವಾಯಿತು. ಪ್ರಕಟಣೆಯ ಪ್ರತಿ ತೆಗೆಯುವ ಯಂತ್ರ ಕಾಗದ ಕಚ್ಚಿ ನಿಂತಿತು. ಒಬ್ಬ ಸ್ಥಳೀಯ ಮುಖಂಡರು ವೇದಿಕೆಯ ಮೆಟ್ಟಿಲ ಬಳಿ ನನ್ನ ತೋಳು ಹಿಡಿದು, ತಮ್ಮ ಹೆಸರು ಇನ್ನೊಬ್ಬ ಮುಖಂಡರ ಹೆಸರಿಗಿಂತ ಮೇಲೆ ಬರಬೇಕೆಂದರು. ಆ ಇನ್ನೊಬ್ಬರು ಈಗಾಗಲೇ ಬಂದು ಅದನ್ನೇ ಹೇಳಿ ಹೋಗಿದ್ದರು. ಪೆಂಡಾಲಿನ ಎಂಟೂ ದಿಕ್ಕಿಗೆ ಧ್ವನಿವರ್ಧಕ, ಅದರಲ್ಲಿ ದೇಶಭಕ್ತಿಗೀತೆ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ನಾನು ಪೆಂಡಾಲಿನ ಹಿಂದೆ ಜನರೇಟರಿನ ಹತ್ತಿರ ಓಡಿದೆ. ಅಲ್ಲಿ ಇನ್ನೊಂದು ಬಗೆಯ ಗದ್ದಲ.

“ಅಪ್ಪಾ…” ಶಾಲ್ಮಲಾ ಏನೋ ಹೇಳುತ್ತಿದ್ದಳು. ಕೊನೆಯದು ಮಾತ್ರ ಕೇಳಿಸಿತು. “ಸುದ್ದಿ ಇನ್ನೂ ಬಂದಿಲ್ಲ.”

“ಸುದ್ದಿ ಇನ್ನೂ ಬಂದಿಲ್ಲ?”

“ಹೂಂ. ಬಂದಿಲ್ಲ.”

“ಬರ್ತದ ಬಿಡು. ಟೈಮ್ ಹಿಡೀತದ.”

“ಖರೇನ?” ಎಂದಳು.

“ಖರೇ ಅಲ್ದ ಏನು? ಇಂಥಾದ್ಕೆಲ್ಲ ಟೈಮ್ ಹಿಡೀತದ. ನೀ ಏನರ ತಿಂದಿಯೋ ಇಲ್ಲೋ?”

“ತಿಂತೀನಿ” ಎಂದಳು.

ತಿರುಗಿ ಓದಿದ್ದೇನೆ, ಆ ಕಡೆಯಿಂದ ಖಚಿತವಾಗಿದೆ. ನನ್ನ ಕಸುಬಿನ ಲೆಕ್ಕದಲ್ಲಿ ಅದು ಪಕ್ಕಾ ಆದ ಸಂಗತಿ. ಆಪರೇಷನ್ ನಡೆದಿದೆ, ಒಳಗಿನಿಂದ ಇನ್ನೂ ಯಾರೂ ಬಂದು ಹೇಳಿಲ್ಲ. ಬಾದಾಮಿಯಿಂದ ಫೋನ್ ಮಾಡಿದ ಸುಮಿತ್ರಾಳಿಗೂ ಹಾಗೆಯೇ ಒಪ್ಪಿಸಿದೆ. “ಇಷ್ಟೊತ್ತು ಯಾಕ ಬೇಕ್ರಿ?” ಎಂದಳು. ದೊಡ್ಡ ಆಪರೇಷನ್ ಎಂದೆ. ಸುದ್ದಿ ಇಲ್ಲದಿರುವುದು ನನಗೆ ಎಂದೂ ಭಯದ ವಿಷಯವಾಗಿರಲಿಲ್ಲ. ಪತ್ರಿಕೆಯಲ್ಲಿದ್ದಾಗ ಸುದ್ದಿ ಇಲ್ಲದ ಸಂಜೆಗಾಗಿ ನಾವು ಹಂಬಲಿಸುತ್ತಿದ್ದೆವು.

ಮಂತ್ರಿಗಳು ಬಂದರು, ಕಲ್ಲಿಟ್ಟರು, ಮಾತಾಡಿದರು. ನಡುವೆ ಶಾಲ್ಮಲಾ ಮತ್ತೊಮ್ಮೆ ಮಾಡಿದಳು. ಅದೇ ಮಾತು, ಈ ಸಲ ಇನ್ನೂ ಸಣ್ಣ ದನಿಯಲ್ಲಿ. ನಾನೂ ಅದೇ ಉತ್ತರ ಕೊಟ್ಟೆ, ಇನ್ನೂ ಗಡಿಬಿಡಿಯಲ್ಲಿ.

ಊಟದ ಹೊತ್ತು ಮೀರಿದ ಮೇಲೆ ವಿಶ್ರಾಂತಿಗೃಹದ ಹಾಲಿನಲ್ಲಿ ಪತ್ರಕರ್ತರೆಲ್ಲ ಕೂತು ಬರೆಯುತ್ತಿದ್ದರು. ನಾನೂ ಒಂದು ಮೂಲೆಯಲ್ಲಿ ಪ್ರಕಟಣೆಯ ಕರಡು ತಿದ್ದುತ್ತಿದ್ದೆ. ಪಕ್ಕದಲ್ಲಿ ಪಾಟೀಲ ಎಂಬ ಮರಾಠಿ ವರದಿಗಾರ. ಅವನಿಗೆ ಮಂತ್ರಿಗಳ ಭಾಷಣಕ್ಕಿಂತ ದೊಡ್ಡ ಸುದ್ದಿ ಸಿಕ್ಕಿತ್ತು. ಊರ ಹೊರಗೆ ಕಟ್ಟುತ್ತಿದ್ದ ಯಾವುದೋ ಕಟ್ಟಡದ ಸಾರವೆ ಕುಸಿದು ಕೂಲಿಯೊಬ್ಬ ಬಿದ್ದಿದ್ದ. “ತುಮಚ್ಯಾಕಡಚಾ ಆಹೆ, ಸಾಹೇಬ್” ಎಂದ. ನಿಮ್ಮ ಕಡೆಯವನೇ. ಯಾದಗಿರಿಯ ಹತ್ತಿರದ ಅವನ ಊರಿನ ಹೆಸರನ್ನು ಹೇಗೆ ಬರೆಯುವುದೆಂದು ನನ್ನನ್ನು ಕೇಳಿಕೊಂಡ. ನಾನು ಹೇಳಿದೆ. ಅವನು ಫೋನಿನಲ್ಲಿ ತನ್ನ ಕಚೇರಿಗೆ ವರದಿ ಹೇಳತೊಡಗಿದ. ಹೆಸರು, ವಯಸ್ಸು, ಬಿದ್ದ ಎತ್ತರ, ಆಸ್ಪತ್ರೆ. ಕೊನೆಗೆ ಒಂದು ವಾಕ್ಯ: “ಜಖಮೀ ಅಜೂನ್ ಶುದ್ಧೀವರ್ ಆಲೇಲಾ ನಾಹೀ.” ಗಾಯಾಳುವಿಗೆ ಇನ್ನೂ ಪ್ರಜ್ಞೆ ಬಂದಿಲ್ಲ.

ಆ ಕಡೆಯವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಅವನು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ. “ಶುದ್ಧ, ಶುದ್ಧ! ಶುದ್ಧ ಆಲೀ ನಾಹೀ!”

ನನ್ನ ಪೆನ್ನು ನಿಂತಿತು. ಶುದ್ಧ ಆಲೀ ನಾಹೀ. ಅದಕ್ಕೆ ಕನ್ನಡದ ಬಾಲ ಕಟ್ಟಿದರೆ ಶುದ್ಧಿ ಬಂದಿಲ್ಲ. ಎಚ್ಚರ ಎಂಬ ಪದ ನನ್ನ ಮಗಳಿಗೆ ಗೊತ್ತಿತ್ತು, ಆದರೆ ಅವಳ ಪಾಲಿಗೆ ಅದು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮಾತು. ಡಾಕ್ಟರು ಹೇಳಿದ ಮಾತನ್ನು ಅವಳು ಇದ್ದಂತೆಯೇ ಎತ್ತಿ ನನ್ನ ಕೈಗಿಟ್ಟಿದ್ದಳು. ನಾನು ಅದನ್ನು ಸುದ್ದಿ ಎಂದು ತಿರುಗಿ ಓದಿದ್ದೆ, ಅವಳು ಶುದ್ಧಿ ಎಂದು ಕೇಳಿ ಹೂಂ ಎಂದಿದ್ದಳು. ಜನರೇಟರಿನ ಪಕ್ಕದಲ್ಲಿ ಎರಡಕ್ಕೂ ಏನು ಅಂತರ?

ಒಬ್ಬ ಮನುಷ್ಯ, ಅದೂ ನನ್ನ ನಾಡಿನವನು, ಪ್ರಜ್ಞೆ ಇಲ್ಲದೆ ಬಿದ್ದಿದ್ದಾನೆ ಎಂದು ಕೇಳಿ ನನಗೆ ನೆನಪಾದದ್ದು ನಾಯಿ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಆ ಕೂಲಿಯ ಸುದ್ದಿಯನ್ನು ಮರುದಿನದ ಪತ್ರಿಕೆಯಲ್ಲಿ ಹುಡುಕಿದೆ. ಬಿದ್ದದ್ದು ಬಂದಿತ್ತು. ಮುಂದೆ ಏನಾಯಿತೆಂಬುದು ಅದರ ಮರುದಿನವೂ ಬರಲಿಲ್ಲ.

ವರಾಂಡಕ್ಕೆ ಬಂದು ಶಾಲ್ಮಲಾಳಿಗೆ ಫೋನ್ ಮಾಡಿದೆ. ಇಲ್ಲಿ ಗದ್ದಲವಿರಲಿಲ್ಲ. “ಆಪರೇಷನ್ ಯಾವಾಗ ಮುಗೀತು?” ಎಂದು ಕೇಳಿದೆ.

“ಹೇಳಿದ್ನೆಲ್ಲಾ ಅಪ್ಪಾ, ಆವಾಗ್ಲೇ. ನಿಮ್ಮ ಕಡೆ ಗಾಣಿ ಹಚ್ಚಿದ್ರು.” ಹಾಡು ಹಾಕಿದ್ದರು ಎಂದು ಅವಳ ಅರ್ಥ. “ಎಲ್ಲಾ ತಗದ್ರು. ಹೊಲಿಗಿನೂ ಹಾಕ್ಯಾರ. ಆದ್ರ ಶುದ್ಧಿ ಬರವಲ್ದು. ಡಾಕ್ಟರ್ ಮ್ಯಾಡಮ್ ಎರಡ್ ಸಲ ಇಂಜೆಕ್ಷನ್ ಕೊಟ್ರು. ಮೈ ಗಾರ್ ಆಗ್ಯದ, ತಣ್ಣಗ. ನಾ ನನ್ನ ಓಢಣಿ ಹೊಚ್ಚೀನಿ.”

ಅವಳೇ ಮುಂದುವರಿಸಿದಳು.

“ಇಲ್ಲಿ ಕಂಪೌಂಡರ್ ಕಾಕಾ, ಈಗ ಘರಿ ಜಾ ಬಾಳಾ, ಮನಿಗೆ ಹೋಗು, ಏನಿದ್ರೂ ಫೋನ್ ಮಾಡ್ತೀವಿ ಅಂದ. ನಾ ಅಂದೆ, ಮಾಝೇ ಬಾಬಾ, ನಮ್ಮ ಅಪ್ಪ, ಬರ್ತದ ಅಂದಾರ, ಟೈಮ್ ಹಿಡೀತದಂತ. ನೀವು ಅಷ್ಟು ಶಾಂತ ಇದ್ರೆಲ್ಲಾ. ಅದಕ್ಕ ಕುಂತೀನಿ.”

ನೋಡಿ, ಅವಳು ಹೇಳಿದ್ದು ಚಿಂಗಿ ಏಳುತ್ತಿಲ್ಲ ಎಂದು. ಅದಕ್ಕೆ ತಂದೆಯಾದವನು ಬೆಳಗಿನಿಂದ ಕೊಟ್ಟ ಉತ್ತರ, ಬರ್ತದ ಬಿಡು. ಏನೂ ತಿಳಿಯದವನ ನೆಮ್ಮದಿಯನ್ನು ಅವಳು ತಿಳಿದವನ ಧೈರ್ಯ ಎಂದುಕೊಂಡು ಅದನ್ನೇ ಗೋಡೆ ಮಾಡಿ ಒರಗಿ ಕೂತಿದ್ದಳು. ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದು ಅಷ್ಟು ದೂರದಿಂದ ಹೇಳಿದರೆ ಆ ಗೋಡೆ ಬೀಳುತ್ತದೆ. ಪತ್ರಿಕೆಯಲ್ಲಾದರೆ ತಪ್ಪು ಕಂಡ ಕೂಡಲೇ ತಿದ್ದುಪಡಿ ಹಾಕುತ್ತೇವೆ, ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ.

“ಅಪ್ಪಾ, ಬರ್ತದಲಾ?”

“ಬರ್ತದ” ಎಂದೆ. “ಟೈಮ್ ಹಿಡೀತದ. ನಾ ಹೊಂಟೆ.”

ಅದುವರೆಗೆ ಹೇಳಿದ್ದು ಅರಿಯದೆ ಹೇಳಿದ್ದು. ಇದು ಅರಿತು ಹೇಳಿದ್ದು. ಮಾತು ಮಾತ್ರ ಅದೇ.

ಹೊಂಟೆ ಎಂದವನು ತಕ್ಷಣ ಹೊರಡಲಿಲ್ಲ. ಕರಡಿನಲ್ಲಿ ಎರಡು ಪ್ಯಾರಾ ಬಾಕಿಯಿತ್ತು, ಮುಗಿಸಿದೆ. ಮುಖಂಡರಿಬ್ಬರ ಹೆಸರನ್ನು ಅಕಾರಾದಿಯಾಗಿ ಇಟ್ಟೆ. ಮೇಲಧಿಕಾರಿಗೆ ಒಪ್ಪಿಸಿ, ಮನೆಯಲ್ಲಿ ಕಾಯಿಲೆ ಎಂದೆ. “ಯಾರಿಗೆ?” ಎಂದರು. ಅಷ್ಟು ಜನರ ನಡುವೆ ನಾಯಿಗೆ ಎನ್ನಲು ನಾಲಿಗೆ ಏಳದೆ “ಮನೆಯವರಿಗೆ” ಎಂದೆ. ಅದು ಸುಳ್ಳೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮುನೀರ್‌ಭಾಯಿಗೆ ಮಾತ್ರ ನಿಜ ಹೇಳಿದೆ. ಅವರು ಹಾದಿಯ ಚಹಾದಂಗಡಿಗಳನ್ನೆಲ್ಲ ಬಿಟ್ಟು ಓಡಿಸಿದರು. ವೈಜಾಪುರ ಕಳೆಯಿತು. ಎರಡೂ ಬದಿ ಈರುಳ್ಳಿ ಹೊಲಗಳು, ಕಬ್ಬಿನ ಟ್ರ್ಯಾಕ್ಟರುಗಳ ಹಿಂಭಾಗ. ಯೇವಲಾ ದಾಟಿದ ಮೇಲೆ ಫೋನ್ ಬಂತು. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು.

“ಅಪ್ಪಾ… ಅಪ್ಪಾ…” ಅಳುತ್ತಿದ್ದಳು. ನಡುವೆ ತುಂಡು ತುಂಡು. ಆಮೇಲೆ ಮೂರು ಅಕ್ಷರ, ದ್ದಿಯೋ ದ್ಧಿಯೋ, “…ದ್ದಿ ಬಂತು.”

ಲೈನ್ ಕಡಿಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ಬೆಳಗಿನಿಂದ ಮಾತಾಡಿ ಮಾತಾಡಿ ಅವಳ ಬ್ಯಾಟರಿ ಮುಗಿದಿರಬೇಕು. ಕ್ಲಿನಿಕ್ಕಿನ ಫೋನು ಎಂಗೇಜ್, ಎಂಗೇಜ್.

ಶುದ್ಧಿ ಬಂದಿದ್ದರೆ ಚಿಂಗಿ ಬದುಕಿದ್ದಾಳೆ. ಸುದ್ದಿ ಬಂದಿದ್ದರೆ ಇಲ್ಲ. ಅಳು ಎರಡಕ್ಕೂ ಬರುತ್ತದೆ. ಎಷ್ಟೋ ವರ್ಷ ಗೊರಗೊರ ಲೈನುಗಳಲ್ಲಿ ಸತ್ತವರನ್ನೂ ಗೆದ್ದವರನ್ನೂ ಕೇಳಿ ಬರೆದುಕೊಂಡವನು ನಾನು, ಒಂದು ಅಕ್ಷರವನ್ನು ಹಿಡಿಯಲಾರದೆ ಆ ಜೀಪಿನಲ್ಲಿ ಕೂತಿದ್ದೆ. ಬಾದಾಮಿಯಿಂದ ಸುಮಿತ್ರಾಳ ಕರೆ ಬಂತು. ಎತ್ತಲಿಲ್ಲ. ಅವಳಿಗೆ ಒಪ್ಪಿಸಲು ನನ್ನ ಬಳಿ ವಾಕ್ಯವಿರಲಿಲ್ಲ. ನಿಫಾಡದ ಹತ್ತಿರ ಮುನೀರ್‌ಭಾಯಿ, “ಕ್ಯಾ ಬೋಲೀ ಬೇಟಿ?” ಎಂದು ಕೇಳಿದರು. “ಸಮಝಾ ನಹೀ” ಎಂದೆ.

ಕ್ಲಿನಿಕ್ ಮುಟ್ಟಿದಾಗ ಬೀದಿದೀಪ ಹತ್ತಿಕೊಳ್ಳುತ್ತಿದ್ದವು. ಶಾಲ್ಮಲಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಮುಖದಿಂದ ಏನೂ ಓದಿಕೊಳ್ಳಲಾಗಲಿಲ್ಲ. ನನ್ನನ್ನು ಕಂಡು ಎದ್ದಳು.

“ಕಣ್ಣ ತಗದ್ಲು ಅಪ್ಪಾ” ಎಂದಳು. “ಪೂರಾ ತಗದ್ಲು. ನನ್ನ ಓಳಖ್, ಗುರ್ತು ಹಿಡಿದ್ಲು. ನಾ ಚಿಂಗೀ ಅಂದೆ, ಈ ಬಟ್ಟ ನೆಕ್ಕಿದ್ಲು, ಇದು.” ಬಲಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿದಳು. “ಆವಾಗ ನಿಮಗ ಫೋನ್ ಹಚ್ಚಿದೆ. ಆಮೇಲೆ ಉಸುರು ಹೆಂಗೆಂಗೋ ಮಾಡಿದ್ಲು. ಮ್ಯಾಡಮ್ ಓಡಿ ಬಂದ್ರು. ಆಮೇಲೆ ಗೇಲಿ.”

ಮರಾಠಿಯಲ್ಲಿ ಹೋದಳು ಎಂದು. ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥ. ನಾನು ತಿರುಗಿ ಓದಲಿಲ್ಲ.

ಡಾಕ್ಟರು ಹೊರಗೆ ಬಂದರು. ಅವರ ಕಣ್ಣೂ ಕೆಂಪಾಗಿದ್ದವು. ನಂಜು ಮೊದಲೇ ರಕ್ತಕ್ಕೆ ಇಳಿದಿತ್ತು ಎಂದರು. ಎಚ್ಚರವಾದದ್ದೇ ತಮಗೆ ಆಶ್ಚರ್ಯ, ಅಷ್ಟು ಹೊತ್ತಿನ ಮೇಲೆ ಏಳುತ್ತದೆಂದು ತಾವು ಎಣಿಸಿರಲಿಲ್ಲ, ಆದರೆ ನಿಮ್ಮ ಮಗಳು ಬಿಡಲಿಲ್ಲ, ಪಕ್ಕದಲ್ಲೇ ಕೂತು ಕರೆಯುತ್ತಲೇ ಇದ್ದಳು ಎಂದರು. ಪಾಲಿಕೆಯ ಗಾಡಿಗೆ ಹೇಳಲೇ ಎಂದು ಕೇಳಿದರು. ಶಾಲ್ಮಲಾ ಬೇಡವೆಂದು ತಲೆಯಾಡಿಸಿದಳು. ಮುನೀರ್‌ಭಾಯಿ ಆಗಲೇ ಜೀಪಿನ ಹಿಂಬಾಗಿಲು ತೆರೆದು, ಬ್ಯಾನರಿನ ಬಂಡಲುಗಳನ್ನು ಒಂದು ಬದಿಗೆ ಸರಿಸುತ್ತಿದ್ದರು.

ಒಳಗೆ ತಗಡಿನ ಮೇಜಿನ ಮೇಲೆ ಚಿಂಗಿ ಓಢಣಿಯ ಕೆಳಗೆ ಮಲಗಿದ್ದಳು. ಮಡಚಿದ ಕಿವಿ ಹೊರಗಿತ್ತು. ನಾನು ಅಂಗಿಯ ತೋಳು ಮೇಲೇರಿಸಿದೆ. ಶಾಲ್ಮಲಾ ಮೇಜಿನ ಆ ಕಡೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ದೂರಿರಲಿಲ್ಲ, ಅದನ್ನು ಎದುರಿಸುವುದೇ ಕಷ್ಟವಾಯಿತು.

“ಅಪ್ಪಾ, ಡಾಕ್ಟರ್‌ಗೂ ಗೊತ್ತಿದ್ದಿಲ್ಲ. ನಿಮಗ ಹೆಂಗ ಗೊತ್ತಾತು, ಶುದ್ಧಿ ಬರ್ತದ ಅಂತ?”

“ನೀ ತಲಿ ಕಡೆ ಹಿಡಿ” ಎಂದೆ.